ಹಿಗ್ಗದ ಬಿಲ್ಲೆ ಬಿರುಕು ಬಿಟ್ಟಿದ್ಯಾಕೆ?

ಪ್ರಶ್ನೆ: ಸರ್, ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಬೀಟಾ ಯೂಕ್ರಿಪ್ಟೈಟ್ (ಲಿಥಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿದ ಹರಳು) ಬಿಲ್ಲೆಗಳನ್ನು ಮಾಡಿದ್ದೇನೆ. ಬಿಸಿಗೆ ಎಷ್ಟು ಹಿಗ್ಗುತ್ತದೆಂದು ಅಳೆಯುವ ಡೈಲಾಟೋಮೀಟರ್‌ನಲ್ಲಿ ಹಿಗ್ಗುವಿಕೆ ಹೆಚ್ಚುಕಡಿಮೆ ಸೊನ್ನೆ. ಆದರೂ ಬಿಲ್ಲೆಯಲ್ಲಿ ಬಿರುಕು. ಯಾಕೆ? ಎಕ್ಸ್‌ಆರ್‌ಡಿ (ಎಕ್ಸ್‌ರೇಯಿಂದ ಹರಳಿನ ಒಳರಚನೆ ಅಳೆಯುವ ಪರೀಕ್ಷೆ) ಮಾಡಿಸಲೇಬೇಕಾ?
– ಒಬ್ಬ ವಿದ್ಯಾರ್ಥಿ, ಕಲಬುರಗಿ

ಉತ್ತರ: ಮಾಡಿಸಲೇಬೇಕು ತಮ್ಮಾ, ಅದೂ ಬಿಸಿ ಮಾಡುತ್ತಾ. ಡೈಲಾಟೋಮೀಟರ್ ಹೇಳುವುದು ಒಟ್ಟು ಲೆಕ್ಕ ಮಾತ್ರ, ಒಂದೊಂದು ದಿಕ್ಕಿನ ಲೆಕ್ಕ ಹೇಳುವುದು ಎಕ್ಸ್‌ಆರ್‌ಡಿ. ಈ ಹರಳು ಒಂದು ಡಿಗ್ರಿ ಬಿಸಿಗೆ ತನ್ನ ಮೂರು ದಿಕ್ಕುಗಳಲ್ಲಿ ಎ, ಬಿ ಅಕ್ಷಗಳ ಕಡೆ ಹತ್ತು ಲಕ್ಷಕ್ಕೆ ಸುಮಾರು 8 ಭಾಗ ಹಿಗ್ಗುತ್ತದೆ, ಸಿ ಅಕ್ಷದ ಕಡೆ ಸುಮಾರು 17 ಭಾಗ ಕುಗ್ಗುತ್ತದೆ. ಮೂರನ್ನೂ ಕೂಡಿಸಿ ನೋಡು, ಸೊನ್ನೆಯ ಹತ್ತಿರ ಬರುತ್ತದೆ, ಅಲ್ವಾ?

ಸೂಪರ್ ಮಾರ್ಕೆಟ್ ಕಡೆ ಅಂಗಡಿಗಳ ಚಾನಲ್ ಗೇಟ್ ಎಳೆಯುವಾಗ ಕತ್ತರಿಯಂತಿರುವ ಪಟ್ಟಿಗಳನ್ನು ಗಮನಿಸು. ಅಗಲಕ್ಕೆ ಚಾಚಿದಷ್ಟೂ ಎತ್ತರ ಇಳಿಯುತ್ತದೆ, ಪಟ್ಟಿಯ ಉದ್ದ ಮಾತ್ರ ಇದ್ದಷ್ಟೇ. ಹರಳಿನೊಳಗಿನ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕದ ಚೌಕಟ್ಟು ವಾಲುವುದೂ ಸುಮಾರಾಗಿ ಹೀಗೇ.

ಬಿಲ್ಲೆಯಲ್ಲಿ ಇಂಥ ಕಣಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ಅಂಟಿಕೊಂಡಿರುತ್ತವೆ, ಕುಲುಮೆಯಿಂದ ಆರುವಾಗ ಒಂದು ಹಿಗ್ಗಿದರೆ ಪಕ್ಕದ್ದು ಕುಗ್ಗಿ ಎಳೆದಾಡುತ್ತದೆ, ಅಲ್ಲೇ ಬಿರುಕು. ಕಣ ದೊಡ್ಡದಾದಷ್ಟೂ ಕಾಟ ಜಾಸ್ತಿ. ಹಾಗಾಗಿ ಪುಡಿ ನುಣ್ಣಗಿರಲಿ, ಕುಲುಮೆಯಲ್ಲಿ ವಿನಾಕಾರಣ ಹೊತ್ತು ಹೆಚ್ಚಿಸಬೇಡ. ಇನ್ನೊಂದು ಮೋಸ ಇದೆ: ಮತ್ತೆ ಬಿಸಿ ಮಾಡಿದಾಗ ಹಿಗ್ಗುವ ಭಾಗ ಆ ಬಿರುಕನ್ನೇ ತುಂಬಿಕೊಳ್ಳುತ್ತದೆ, ಹೊರಗೆ ಕಾಣುವ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ಡೈಲಾಟೋಮೀಟರ್ ಬರೆದ ಬಿಸಿಯಾಗುವ ಗೆರೆ, ಆರುವ ಗೆರೆ ಒಂದರ ಮೇಲೊಂದು ಕೂರುತ್ತಿಲ್ಲವಾ? ಹಾಗಾದರೆ ಅದು ಬಿರುಕಿನದೇ ಕೈವಾಡ ಇರುವ ಸಾಧ್ಯತೆ ಹೆಚ್ಚು.

ಎಕ್ಸ್‌ಆರ್‌ಡಿಗೆ ಬಿಲ್ಲೆಯನ್ನು ಪುಡಿ ಮಾಡಿ ಸ್ವಲ್ಪ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಬೆರೆಸು. ಬಿಸಿಗೆ ಪುಡಿ ಇಡುವ ಹೋಲ್ಡರ್ ಕೂಡ ಹಿಗ್ಗಿ ಪುಡಿಯ ಮಟ್ಟ ಮೇಲೇರುತ್ತದೆ, ಸ್ಕ್ಯಾನ್ ಗೆರೆಯಲ್ಲಿ ಎದ್ದು ಕಾಣುವ ಪೀಕ್‌ಗಳು ಸುಮ್ನೆ ಜಾಗ ಬದಲಿಸುತ್ತವೆ. ಅಲ್ಯೂಮಿನಾ ಎಷ್ಟು ಹಿಗ್ಗುತ್ತದೆಂದು ಗೊತ್ತಿರುವುದರಿಂದ ಆ ತಪ್ಪನ್ನು ತಿದ್ದಬಹುದು. 100 ಡಿಗ್ರಿಗೊಮ್ಮೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸ್ಕ್ಯಾನ್ ಮಾಡು. 600ರವರೆಗೆ ಸಾಕು, ಇಳಿಯುವಾಗಲೂ ತೆಗೆದುಕೋ. ಹಾಂ, ಮೇ ತಿಂಗಳಲ್ಲಿ ನಮ್ಮೂರ ಎ.ಸಿ. ಇಲ್ಲದ ಲ್ಯಾಬಿನಲ್ಲಿ ಕೂತು ರೂಮ್ ಟೆಂಪರೇಚರ್ 25 ಅಂತ ಬರೆಯಬೇಡ, ಥರ್ಮಾಮೀಟರ್ ನೋಡಿ ಬರೆ!

ಆಮೇಲೆ ರೀಟ್‌ವೆಲ್ಡ್ ವಿಧಾನದಲ್ಲಿ (ಹರಳಿನ ಮಾದರಿಯಿಂದ ಲೆಕ್ಕ ಹಾಕಿದ ಗೆರೆಯನ್ನು ಇಡೀ ಸ್ಕ್ಯಾನ್‌ಗೆ ಹೊಂದಿಸುವುದು) ಎ, ಸಿ ಅಳತೆಗಳನ್ನು ಬೇರೆಬೇರೆ ತೆಗೆ. ಲಿಥಿಯಂ ಎಲ್ಲಿ ಕೂತಿದೆ ಅಂತ ಮಾತ್ರ ಎಕ್ಸ್‌ರೇಯನ್ನು ಕೇಳಬೇಡ. ಮೂರೇ ಎಲೆಕ್ಟ್ರಾನ್ ಇರುವ ಪರಮಾಣು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ನ್ಯೂಟ್ರಾನ್ ಬೇಕು, ಅಂದರೆ ಮುಂಬೈನ ಧ್ರುವ ರಿಯಾಕ್ಟರ್‌ನಂಥ ಕಡೆ ಹೋಗಬೇಕು. ನಿನ್ನ ಬಿರುಕಿನ ಪ್ರಶ್ನೆಗೆ ಅಷ್ಟು ದೂರ ಬೇಡ.