ಸದಸ್ಯತ್ವದ ಹಣ: ಯಾರು ಕೊಡುತ್ತಾರೆ, ಎಷ್ಟು ಉಳಿಯುತ್ತದೆ?

ಅಂತರ್ಜಾಲದಲ್ಲಿ ಸ್ವತಂತ್ರವಾಗಿ ಬರೆಯುವವರು, ಹಾಡುವವರು, ಪಾಠ ಹೇಳುವವರು ತಮ್ಮ ಓದುಗರಿಂದ, ಕೇಳುಗರಿಂದಲೇ ತಿಂಗಳ ಚಂದಾ ಪಡೆದು ಕೆಲಸ ಮುಂದುವರಿಸುವ ಪದ್ಧತಿಯ ಬಗ್ಗೆ ಈ ಅಂಕಣಕ್ಕೆ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ನೋಡುವ ಯೂಟ್ಯೂಬ್ ಚಾನೆಲ್‌ಗಳಲ್ಲಿ ಈಚೆಗೆ ‘ಸದಸ್ಯರಾಗಿ’ ಎಂಬ ಕೋರಿಕೆ ಹೆಚ್ಚಾಗಿದೆ. ವಿಡಿಯೊದ ನಡುನಡುವೆ ಜಾಹೀರಾತು ಹೇಗೂ ಬರುತ್ತದೆ. ಅದರ ಹಣ ಸಿಗುತ್ತಿರುವಾಗ ನೋಡುವವರಿಂದಲೂ ಕೇಳುವುದು ಸರಿಯೇ?
— ನಿವೃತ್ತ ಶಿಕ್ಷಕರೊಬ್ಬರು, ಸಾಗರ

ಉತ್ತರ: ಜಾಹೀರಾತಿನ ಹಣವೇ ಸಾಲುವಂತಿದ್ದರೆ ಈ ಪದ್ಧತಿ ಹುಟ್ಟುತ್ತಲೇ ಇರಲಿಲ್ಲ. ಅಮೆರಿಕದ ಸಂಗೀತಗಾರ ಜ್ಯಾಕ್ ಕಾಂಟಿ ತಮ್ಮ ಒಂದು ಹಾಡಿನ ವಿಡಿಯೊಗಾಗಿ ಬಾಹ್ಯಾಕಾಶ ನೌಕೆಯ ಒಳಭಾಗವನ್ನು ಹೋಲುವ ಸೆಟ್ಟನ್ನು ತಿಂಗಳುಗಟ್ಟಲೆ ದುಡಿದು ಕಟ್ಟಿದರು, ಅದಕ್ಕೆ ಸಾವಿರಾರು ಡಾಲರ್ ಸುರಿದರು. ಲಕ್ಷಾಂತರ ಜನ ನೋಡಿದರೂ ಜಾಹೀರಾತಿನಿಂದ ಕೈಗೆ ಬರುವುದು ಕೆಲವೇ ನೂರು ಡಾಲರ್ ಎಂಬುದು ಹಿಂದಿನ ಅನುಭವದಿಂದ ಅವರಿಗೆ ತಿಳಿದಿತ್ತು. ಕಾಲೇಜು ದಿನಗಳ ಗೆಳೆಯ ಸ್ಯಾಮ್ ಯಾಮ್ ಅವರೊಡನೆ ಸೇರಿ 2013ರ ಮೇ ತಿಂಗಳಲ್ಲಿ ಅವರು ಮೆಚ್ಚಿದವರಿಂದ ನೇರವಾಗಿ ನೆರವು ಪಡೆಯುವ ಜಾಲತಾಣ ಪೇಟ್ರಿಯಾನ್ ಆರಂಭಿಸಿದ್ದು ಈ ಕಾರಣಕ್ಕೆ. ತಮ್ಮ ಕೆಲಸವನ್ನು ನಿಜವಾಗಿ ಮೆಚ್ಚಿದ ಕೆಲವೇ ಜನ ತಿಂಗಳಿಗೆ ಒಂದೋ ಎರಡೋ ಡಾಲರ್ ಕೊಟ್ಟರೂ ಅದು ಜಾಹೀರಾತಿನ ಆದಾಯವನ್ನು ಮೀರುತ್ತದೆ ಎಂಬುದು ಅವರ ಲೆಕ್ಕವಾಗಿತ್ತು, ಮತ್ತು ಆ ಲೆಕ್ಕ ಸುಳ್ಳಾಗಲಿಲ್ಲ.

ಜಾಹೀರಾತಿಗೆ ಇನ್ನೊಂದು ತೊಡಕಿದೆ. ನೋಡುವವರು ಯಾವ ದೇಶದವರು, ಯಾವ ಭಾಷೆಯವರು, ಅವರ ಕೊಳ್ಳುವ ಶಕ್ತಿ ಎಷ್ಟು ಎಂಬುದನ್ನು ತೂಗಿ ನೋಡಿ ಜಾಹೀರಾತುದಾರರು ದರ ನಿಗದಿ ಮಾಡುತ್ತಾರೆ. ಆದ್ದರಿಂದ ಹಳಗನ್ನಡ ಕಾವ್ಯವನ್ನು ಸಾಲುಸಾಲಾಗಿ ಬಿಡಿಸಿ ಹೇಳುವ ಒಂದು ಗಂಟೆಯ ವಿಡಿಯೊಗಿಂತ ಹೊಸ ಮೊಬೈಲ್ ಫೋನನ್ನು ಪರಿಚಯಿಸುವ ಹತ್ತು ನಿಮಿಷದ ಇಂಗ್ಲಿಷ್ ವಿಡಿಯೊಗೆ ಹೆಚ್ಚು ಹಣ ಬರುವುದು ಸಹಜವೇ ಆಗಿದೆ. 2017ರ ಮಾರ್ಚ್‌ನಲ್ಲಿ, ಉಗ್ರವಾದಿ ವಿಡಿಯೊಗಳ ಜೊತೆಗೆ ತಮ್ಮ ಜಾಹೀರಾತು ಕಾಣಿಸಿಕೊಂಡಿತೆಂದು ದೊಡ್ಡ ಕಂಪನಿಗಳು ಯೂಟ್ಯೂಬ್‌ನಿಂದ ಹಿಂದೆ ಸರಿದಾಗ, ಅಂಥ ವಿಡಿಯೊಗಳಿಗೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಜನರ ಆದಾಯ ಕುಸಿಯಿತು. ತಮ್ಮ ಅನ್ನ ಯಾರ ಕೈಯಲ್ಲಿದೆ ಎಂಬುದು ಹಲವರಿಗೆ ಆಗ ಮನದಟ್ಟಾಯಿತು. ಅದೇ ವರ್ಷ ಬರಹಗಾರರು ಇಮೇಲ್ ಪತ್ರ ಕಳಿಸಿ ಚಂದಾ ಪಡೆಯಲು ನೆರವಾಗುವ ಸಬ್‌ಸ್ಟ್ಯಾಕ್ ಬಂತು, ಮರುವರ್ಷ ಯೂಟ್ಯೂಬ್ ತಾನೇ ಚಾನೆಲ್ ಸದಸ್ಯತ್ವವನ್ನು ವಿಸ್ತರಿಸಿತು. 2020ರಲ್ಲಿ ಕೊರೊನಾದಿಂದ ವೇದಿಕೆಗಳೆಲ್ಲ ಬಾಗಿಲು ಹಾಕಿದಾಗ ಸಂಗೀತ ಕಛೇರಿ, ನಾಟಕ, ತರಗತಿಗಳನ್ನೇ ನಂಬಿದ್ದ ಕಲಾವಿದರು ಗುಂಪುಗುಂಪಾಗಿ ಈ ಕಡೆಗೆ ಬಂದರು.

ಆದ್ದರಿಂದ ಕೇಳುವುದು ತಪ್ಪೆಂದು ನಮಗೆ ಅನ್ನಿಸುವುದಿಲ್ಲ. ಕೊಡಲಾಗದವರು ಸಂಕೋಚಪಡಬೇಕಾಗಿಯೂ ಇಲ್ಲ.

ಪ್ರಶ್ನೆ: ಕನ್ನಡ ಸಣ್ಣಕತೆಗಳನ್ನು ಓದಿ ಹೇಳುವ ಪಾಡ್‌ಕಾಸ್ಟ್ ನಡೆಸುತ್ತಿದ್ದೇನೆ. ಸುಮಾರು 4,000 ಜನ ಕೇಳುಗರಿದ್ದಾರೆ. ಸದಸ್ಯತ್ವ ಆರಂಭಿಸಿದರೆ ಎಷ್ಟು ನಿರೀಕ್ಷಿಸಬಹುದು? ಶುಲ್ಕ ಎಷ್ಟಿಡಬೇಕು? ಸದಸ್ಯರಿಗೆ ಏನು ಕೊಡಬೇಕು?
— ಹವ್ಯಾಸಿ ವಾಚಕಿ, ಧಾರವಾಡ

ಉತ್ತರ: ಮೊದಲಿಗೆ ನೀವು ಕೇಳದಿರುವ ಒಂದು ಮಾತು. ಭಾರತದಲ್ಲಿ ಲೇಖಕರು ತೀರಿಕೊಂಡ ನಂತರವೂ 60 ವರ್ಷಗಳ ಕಾಲ ಅವರ ಕೃತಿಗಳ ಹಕ್ಕು ವಾರಸುದಾರರಲ್ಲಿ ಅಥವಾ ಹಕ್ಕು ಪಡೆದವರಲ್ಲಿ ಇರುತ್ತದೆ. ಹವ್ಯಾಸಕ್ಕೆ ಓದಿದರೂ ಅನುಮತಿ ಬೇಕು. ಹಣ ಪಡೆದು ಓದುವಾಗಲಂತೂ ಅದು ಲಿಖಿತವಾಗಿಯೇ ಇರಲಿ, ಮತ್ತು ಬರುವ ಹಣದಲ್ಲಿ ಕತೆಗಾರರಿಗೆ ಒಂದು ಪಾಲು ಸಲ್ಲಲಿ. ಸದಸ್ಯರಿಗೆ ಇದನ್ನು ತಿಳಿಸಿದರೆ ಅವರು ಹೆಚ್ಚು ಸಂತೋಷದಿಂದ ಕೊಡುತ್ತಾರೆ.

ಇನ್ನು ಲೆಕ್ಕ. ಉಚಿತವಾಗಿ ಕೇಳುವವರಲ್ಲಿ ಹಣ ಕೊಡುವವರು ಎಲ್ಲ ಕಡೆಯೂ ಸಣ್ಣ ಪಾಲು ಮಾತ್ರ. ನಿಮ್ಮ 4,000 ಜನರಲ್ಲಿ 80 ಮಂದಿ ತಿಂಗಳಿಗೆ 100 ರೂಪಾಯಿ ಕೊಡುತ್ತಾರೆಂದು ಭಾವಿಸೋಣ. ಒಟ್ಟು 8,000 ರೂಪಾಯಿಯಾಯಿತು. ಅದು ಯಾವ ದಾರಿಯಿಂದ ಬರುತ್ತದೆ ಎಂಬುದರ ಮೇಲೆ ನಿಮಗೆ ಉಳಿಯುವುದು ನಿಂತಿದೆ. ಯೂಟ್ಯೂಬ್ ಸದಸ್ಯತ್ವದಲ್ಲಿ ಕಂಪನಿಯ ಪಾಲು ಶೇ 30. ಹಾಗಾಗಿ ನಿಮಗೆ ಸಿಗುವುದು 5,600 ರೂಪಾಯಿ. ಆನ್‌ಲೈನ್ ಪಾವತಿಯನ್ನು ನಿಮಗೆ ತಲುಪಿಸುವ ಭಾರತದ್ದೇ ಪೇಮೆಂಟ್ ಗೇಟ್‌ವೇ ಮೂಲಕ, ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಯುಪಿಐ ಆಟೊಪೇ ಅಥವಾ ಕಾರ್ಡಿನಲ್ಲಿ ನೇರವಾಗಿ ಪಡೆದರೆ ಸಾಮಾನ್ಯವಾಗಿ ಶೇ 2ರಿಂದ 3ರಷ್ಟು ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ ಹೋಗಿ, ಸುಮಾರು 7,700 ರೂಪಾಯಿ ಉಳಿಯುತ್ತದೆ. ಪೇಟ್ರಿಯಾನ್ 2025ರ ಆಗಸ್ಟ್‌ನಿಂದ ಹೊಸದಾಗಿ ಸೇರುವವರಿಗೆ ಶೇ 10ರ ದರ ಗೊತ್ತುಮಾಡಿದೆ. ಅದರ ಮೇಲೆ ಪಾವತಿ ಶುಲ್ಕ ಬೇರೆ ಇದೆ. 3 ಡಾಲರ್ ಮತ್ತು ಅದಕ್ಕಿಂತ ಕಡಿಮೆ ಮೊತ್ತಕ್ಕೆ ಆ ಶುಲ್ಕ ಶೇ 5 ಮತ್ತು 10 ಸೆಂಟ್ ಆಗಿರುವುದರಿಂದ, ಒಂದು ಡಾಲರ್ ಕೊಡುವ ಸದಸ್ಯರ ಹಣದಲ್ಲಿ ಕಾಲು ಭಾಗ ದಾರಿಯಲ್ಲೇ ಕರಗುತ್ತದೆ. ಧಾರವಾಡದ ಕೇಳುಗರೊಬ್ಬರು ಕೊಟ್ಟ ರೂಪಾಯಿ ಡಾಲರ್ ಆಗಿ ಅಮೆರಿಕಕ್ಕೆ ಹೋಗಿ, ಎರಡು ಸಲ ವಿನಿಮಯದ ಕಡಿತ ಅನುಭವಿಸಿ, ಮತ್ತೆ ರೂಪಾಯಿಯಾಗಿ ಧಾರವಾಡಕ್ಕೇ ಬರುವುದರಲ್ಲಿ ಅರ್ಥವಿಲ್ಲ. ನಿಮ್ಮ ಕೇಳುಗರಲ್ಲಿ ಹೆಚ್ಚಿನವರು ಇಲ್ಲಿಯವರೇ ಆಗಿದ್ದರೆ ಇಲ್ಲಿಯ ವ್ಯವಸ್ಥೆಯೇ ಮೇಲು.

ಏನು ಕೊಡಬೇಕೆಂಬುದರಲ್ಲಿ ಹೊಸಬರು ಎಡವುತ್ತಾರೆ. ಮೂರು ಬಗೆಯ ಸದಸ್ಯತ್ವ, ಪ್ರತಿಯೊಂದಕ್ಕೂ ಬೇರೆ ಉಡುಗೊರೆ, ತಿಂಗಳಿಗೊಂದು ವಿಡಿಯೊ ಕರೆ, ಸಹಿ ಮಾಡಿದ ಪತ್ರ, ಹೀಗೆ ಮಾತು ಕೊಟ್ಟವರಿಗೆ ಆರು ತಿಂಗಳಲ್ಲಿ ಮೂಲ ಕೆಲಸಕ್ಕೇ ಸಮಯ ಇಲ್ಲವಾಗುತ್ತದೆ. ಕತೆಗಳು ಎಲ್ಲರಿಗೂ ಉಚಿತವಾಗಿಯೇ ಇರಲಿ. ಸದಸ್ಯರಿಗೆ ಒಂದು ವಾರ ಮೊದಲು ಸಿಗಲಿ, ತಿಂಗಳಿಗೊಮ್ಮೆ ಆ ಕತೆಯನ್ನೇ ಏಕೆ ಆರಿಸಿಕೊಂಡಿರಿ ಎಂಬುದನ್ನು ಹೇಳುವ ಹತ್ತು ನಿಮಿಷದ ಮಾತು ಸೇರಲಿ. ಅಷ್ಟು ಸಾಕು. ವಾರ್ಷಿಕ ಚಂದಾವನ್ನು ಈಗಲೇ ತೆರೆಯಬೇಡಿ. ಮುಂಗಡವಾಗಿ ಬಂದ ಹಣಕ್ಕೆ ಹನ್ನೆರಡು ತಿಂಗಳ ಕೆಲಸದ ಋಣವಿರುತ್ತದೆ. ಒಂದು ವರ್ಷ ತಪ್ಪದೆ ನಡೆಸಿದ ಮೇಲೆ ಅದನ್ನು ಯೋಚಿಸಬಹುದು.

ನಿಮ್ಮ ಊರಿನಲ್ಲೇ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಓದುಗರಿಂದ ಚಂದಾ ಪಡೆದು ಪುಸ್ತಕ ತಲುಪಿಸುತ್ತ ಬೆಳೆಯಿತೆಂಬುದು ನಿಮಗೆ ಗೊತ್ತಿರುತ್ತದೆ. ಯಾವ ಪುಸ್ತಕ ಬರುತ್ತದೆಂಬುದಕ್ಕಿಂತ ಆರಿಸುವವರ ಮೇಲಿನ ವಿಶ್ವಾಸಕ್ಕೆ ಅಲ್ಲಿನ ಚಂದಾದಾರರು ಹಣ ಕೊಡುತ್ತಿದ್ದರು. ನಿಮ್ಮ ಸದಸ್ಯರೂ ಅದಕ್ಕಾಗಿಯೇ ಕೊಡುತ್ತಾರೆ.

ಪ್ರಶ್ನೆ: ಹೊರದೇಶದ ವೇದಿಕೆಯೊಂದರಲ್ಲಿ ಕನ್ನಡದ ವಿಜ್ಞಾನ ಲೇಖಕರೊಬ್ಬರಿಗೆ ತಿಂಗಳ ನೆರವು ಕೊಡುತ್ತಿದ್ದೆ. ನಾನು ರದ್ದು ಮಾಡದಿದ್ದರೂ ಪಾವತಿ ನಿಂತುಹೋಗಿದೆ. ಖಾತೆಯಲ್ಲಿ ಹಣವಿದೆ. ಏಕೆ ಹೀಗೆ?
— ಬ್ಯಾಂಕ್ ಉದ್ಯೋಗಿಯಲ್ಲದ ಓದುಗ, ಬೆಂಗಳೂರು

ಉತ್ತರ: 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕೆ ಕಾರಣವಾಗಿರುವ ಸಾಧ್ಯತೆ ಹೆಚ್ಚು. ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಯಾವುದೇ ಪಾವತಿಗೆ ಗ್ರಾಹಕರು ಮೊದಲ ಸಲ ಒಟಿಪಿ ಕೊಟ್ಟು ಇ-ಮ್ಯಾಂಡೇಟ್, ಅಂದರೆ ಕಡಿತಕ್ಕೆ ಮುಂಗಡ ಒಪ್ಪಿಗೆ, ನೋಂದಾಯಿಸಬೇಕು. ನಂತರ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರಬೇಕು, ಬೇಡವೆನ್ನಿಸಿದರೆ ತಡೆಯುವ ಅವಕಾಶವೂ ಇರಬೇಕು. ಒಟಿಪಿ ಇಲ್ಲದೆ ನಡೆಯಬಹುದಾದ ಕಡಿತದ ಮಿತಿ ಮೊದಲು 5,000 ರೂಪಾಯಿ ಇತ್ತು. 2022ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಲಾಯಿತು. ಗ್ರಾಹಕರ ಹಿತಕ್ಕಾಗಿ ಬಂದ ಈ ನಿಯಮ ಒಳ್ಳೆಯದೇ. ಆದರೆ ಹೊರದೇಶದ ಹಲವು ಸಂಸ್ಥೆಗಳು ಇದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಳ್ಳದಿದ್ದುದರಿಂದ ಅವುಗಳ ಕೋರಿಕೆಗಳನ್ನು ಬ್ಯಾಂಕುಗಳು ತಿರಸ್ಕರಿಸಿದವು. ಲೇಖಕರ ಕಡೆ ಕಾಣಿಸುವುದು ‘ಪಾವತಿ ವಿಫಲ’ ಎಂಬ ಸಾಲು ಮಾತ್ರ. ಸದಸ್ಯರು ಬೇಸತ್ತು ಬಿಟ್ಟುಹೋದರೆಂದು ಅವರು ತಿಳಿದುಕೊಂಡಿರಲೂಬಹುದು.

ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ತೆರೆದಿದೆಯೇ, ಇ-ಮ್ಯಾಂಡೇಟ್ ಪಟ್ಟಿಯಲ್ಲಿ ಆ ವೇದಿಕೆಯ ಹೆಸರಿದೆಯೇ ಎಂದು ನೋಡಿ. ಇಲ್ಲವಾದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆದು, ಯುಪಿಐ ಮೂಲಕ ಪಡೆಯುವ ದಾರಿ ಇದೆಯೇ ಎಂದು ಕೇಳಿ. ಐಫೋನ್ ಬಳಸುವವರಿಗೆ ಇನ್ನೊಂದು ಸೂಚನೆ. ಆ್ಯಪ್‌ನ ಒಳಗಿನಿಂದ ಆಪಲ್ ಮೂಲಕ ಸದಸ್ಯರಾದರೆ ಶೇ 30ರವರೆಗೆ ಆಪಲ್‌ನ ಪಾಲು ಸೇರುತ್ತದೆ. ಬ್ರೌಸರ್ ತೆರೆದು ಸದಸ್ಯರಾದರೆ ಅದು ತಪ್ಪುತ್ತದೆ.

ಪ್ರಶ್ನೆ: ನಾನು ಇಪ್ಪತ್ತು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ, ಅಲ್ಲಿನ ಪೌರತ್ವವೂ ಇದೆ. ಕರ್ನಾಟಕದ ಕ್ರಿಯೇಟರ್‌ಗಳಿಗೆ ಹಣ ಕಳಿಸುವುದರಿಂದ ಅವರಿಗೆ ಕಾನೂನಿನ ತೊಂದರೆಯಾಗುವುದೇ?
— ಕನ್ನಡತಿ, ನ್ಯೂಜೆರ್ಸಿ

ಉತ್ತರ: ಯೋಚಿಸಿ ಕೇಳಿದ ಪ್ರಶ್ನೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಗಳು ತಮ್ಮ ಉಳಿತಾಯದಿಂದ ಕೊಡುವುದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೆಂದೇ ಪರಿಗಣಿತರಾಗುತ್ತಾರೆ. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮ ಮಾಡುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವುದನ್ನು ಕಾಯ್ದೆ ನಿಷೇಧಿಸುತ್ತದೆ. ಆದರೆ ವ್ಯವಹಾರದ ಸಹಜ ಕ್ರಮದಲ್ಲಿ ಒಂದು ಸೇವೆಗೆ ಪ್ರತಿಯಾಗಿ ಕೊಡುವ ಶುಲ್ಕ ದೇಣಿಗೆಯ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಸದಸ್ಯತ್ವಕ್ಕೆ ಪ್ರತಿಯಾಗಿ ಏನು ಸಿಗುತ್ತದೆಂದು ಸ್ಪಷ್ಟವಾಗಿ ಬರೆದಿರುವ ಕಡೆ ಸದಸ್ಯರಾಗುವುದು ಕ್ಷೇಮ. ಅಡುಗೆ, ಸಂಗೀತ, ಕತೆ, ಪಾಠಗಳ ಚಾನೆಲ್‌ಗೆ ಇದು ದೊಡ್ಡ ಚಿಂತೆಯಾಗಬೇಕಿಲ್ಲ. ಸುದ್ದಿಯ ಚಾನೆಲ್ ನಡೆಸುವವರು ಮಾತ್ರ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಲಿ.

ಪಡೆಯುವವರ ಗಮನಕ್ಕೂ ಒಂದು ಮಾತು: ಹೀಗೆ ಬಂದದ್ದು ಆದಾಯ. ತೆರಿಗೆ ವಿವರದಲ್ಲಿ ತೋರಿಸಬೇಕು. ಸೇವೆಗಳಿಂದ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ.

ಪ್ರಶ್ನೆ: ಒಳ್ಳೆಯ ಬರಹವೆಲ್ಲ ಹಣ ಕೊಡುವವರಿಗೇ ಮೀಸಲಾದರೆ ನನ್ನಂಥ ವಿದ್ಯಾರ್ಥಿಗಳ ಗತಿಯೇನು? ಕನ್ನಡಕ್ಕೆ ಇದರಿಂದ ನಷ್ಟವಲ್ಲವೇ? ಮುಂದೆ ನಾನೂ ಬರೆಯುವ ಆಸೆಯಿದೆ. ಆಗ ಯಾವ ವೇದಿಕೆ ನಂಬಬೇಕು?
— ಸ್ನಾತಕೋತ್ತರ ವಿದ್ಯಾರ್ಥಿ, ತುಮಕೂರು

ಉತ್ತರ: ನಿಮ್ಮ ಆತಂಕ ನಮ್ಮದೂ ಹೌದು. ಬೀಗ ಹಾಕಿದ ಬರಹ ಕನ್ನಡದಲ್ಲಿ ಹೆಚ್ಚಬಾರದು. ಹಾಕದೆಯೂ ನಡೆಸಬಹುದೆಂಬುದಕ್ಕೆ ಉದಾಹರಣೆಗಳಿವೆ. ನೆದರ್ಲೆಂಡ್ಸ್‌ನ ‘ದೆ ಕರೆಸ್ಪಾಂಡೆಂಟ್’ ಎಂಬ ಪತ್ರಿಕೆ 2013ರಲ್ಲಿ, ಇನ್ನೂ ಒಂದು ಲೇಖನವನ್ನೂ ಪ್ರಕಟಿಸುವ ಮೊದಲೇ, ಎಂಟು ದಿನಗಳಲ್ಲಿ ಹತ್ತು ಲಕ್ಷ ಯೂರೊ ಸಂಗ್ರಹಿಸಿತು. ಅದರ ಸದಸ್ಯರು ಯಾವ ಲೇಖನವನ್ನಾದರೂ ಸದಸ್ಯರಲ್ಲದ ಗೆಳೆಯರಿಗೆ ಕಳಿಸಬಹುದು, ಅವರು ಉಚಿತವಾಗಿ ಓದಬಹುದು. ಬ್ರಿಟನ್ನಿನ ‘ಗಾರ್ಡಿಯನ್’ ತನ್ನ ಜಾಲತಾಣವನ್ನು ಎಲ್ಲರಿಗೂ ತೆರೆದಿಟ್ಟೇ ಓದುಗರ ನೆರವು ಪಡೆಯುತ್ತಿದೆ. 2018ರ ಹೊತ್ತಿಗೆ ಹಾಗೆ ನೆರವಾದವರ ಸಂಖ್ಯೆ ಹತ್ತು ಲಕ್ಷ ಮುಟ್ಟಿತ್ತು. ನಮ್ಮಲ್ಲಿ 2012ರಲ್ಲಿ ಆರಂಭವಾದ ‘ನ್ಯೂಸ್‌ಲಾಂಡ್ರಿ’ ಚಂದಾದಾರರನ್ನೇ ನೆಚ್ಚಿಕೊಂಡಿದೆ. ಬೆಂಗಳೂರಿನ ‘ದ ನ್ಯೂಸ್ ಮಿನಿಟ್’ ಕೂಡ ಓದುಗರನ್ನು ಸದಸ್ಯರಾಗಿಸಿಕೊಂಡಿದೆ. ಕೊಡಬಲ್ಲವರು ಕೊಟ್ಟು, ಕೊಡಲಾಗದವರೂ ಓದುವ ಏರ್ಪಾಡು ಕನ್ನಡಕ್ಕೆ ಹೊಂದುತ್ತದೆಂದು ನಾವು ದೃಢವಾಗಿ ನಂಬಿದ್ದೇವೆ.

ವಿಶ್ವಾಸ ಮುರಿದರೆ ಏನಾಗುತ್ತದೆಂಬುದನ್ನೂ ಆ ಡಚ್ ಪತ್ರಿಕೆಯೇ ತೋರಿಸಿತು. ಅದರ ಇಂಗ್ಲಿಷ್ ಆವೃತ್ತಿಗಾಗಿ 2018ರ ಕೊನೆಗೆ ಜನರಿಂದ 26 ಲಕ್ಷ ಡಾಲರ್ ಕೂಡಿಬಂತು. ಅಮೆರಿಕದಲ್ಲಿ ಕಚೇರಿ ಬರುತ್ತದೆಂದು ನಂಬಿ ಹಲವರು ಕೊಟ್ಟಿದ್ದರು. ಎಲ್ಲವೂ ಆಮ್‌ಸ್ಟರ್‌ಡ್ಯಾಮ್‌ನಿಂದಲೇ ನಡೆಯುತ್ತದೆಂದು ಆಮೇಲೆ ತಿಳಿದಾಗ ಅಸಮಾಧಾನ ಭುಗಿಲೆದ್ದಿತು. 2021ರ ಮೊದಲ ದಿನ ಆ ಆವೃತ್ತಿ ನಿಂತಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆರಂಭದಲ್ಲೇ ಬಿದ್ದ ಬಿರುಕು ಕೊನೆಯವರೆಗೂ ಮುಚ್ಚಲಿಲ್ಲ.

ವೇದಿಕೆಯ ಆಯ್ಕೆಯಲ್ಲಿ ಒಂದೇ ಒಂದು ವಿಷಯವನ್ನು ಬಿಡದೆ ವಿಚಾರಿಸಿ: ಸದಸ್ಯರ ಹೆಸರು ಮತ್ತು ಇಮೇಲ್ ಪಟ್ಟಿ ನಿಮಗೆ ಸಿಗುತ್ತದೆಯೇ? ಪೇಟ್ರಿಯಾನ್ 2017ರ ಡಿಸೆಂಬರ್‌ನಲ್ಲಿ ಪ್ರತಿ ನೆರವಿನ ಮೇಲೂ ಶೇ 2.9 ಮತ್ತು 35 ಸೆಂಟನ್ನು ಸದಸ್ಯರಿಂದಲೇ ಪಡೆಯುವುದಾಗಿ ಏಕಾಏಕಿ ಸಾರಿತು. ಹತ್ತು ಜನರಿಗೆ ಒಂದೊಂದು ಡಾಲರ್ ಕೊಡುತ್ತಿದ್ದವರಿಗೆ ಹೊರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಯಿತು, ಅನೇಕರು ಬಿಟ್ಟುಹೋದರು, ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ನಿರ್ಧಾರ ಕೈಬಿಟ್ಟಿತು. ಆದರೆ ಹೋದ ಸದಸ್ಯರೆಲ್ಲ ಮರಳಲಿಲ್ಲ. ಅಂಥ ದಿನ ಬಂದಾಗ ಪಟ್ಟಿ ಕೈಯಲ್ಲಿದ್ದವರು ತಮ್ಮ ಸದಸ್ಯರಿಗೆ ನೇರವಾಗಿ ಪತ್ರ ಬರೆದು ಬೇರೆ ಕಡೆಗೆ ಕರೆದುಕೊಂಡು ಹೋಗಬಹುದು. ಸಬ್‌ಸ್ಟ್ಯಾಕ್ ಮತ್ತು ಪೇಟ್ರಿಯಾನ್ ಆ ಪಟ್ಟಿಯನ್ನು ಇಳಿಸಿಕೊಳ್ಳಲು ಬಿಡುತ್ತವೆ. ಯೂಟ್ಯೂಬ್ ಸದಸ್ಯರ ಇಮೇಲ್ ನಿಮಗೆ ಸಿಗುವುದಿಲ್ಲ. ಆದ್ದರಿಂದ ಯೂಟ್ಯೂಬ್‌ನಲ್ಲೇ ಆರಂಭಿಸಿದರೂ ಮೊದಲ ದಿನದಿಂದ ಒಂದು ಉಚಿತ ಇಮೇಲ್ ಪತ್ರವನ್ನೂ ಜೊತೆಗೆ ನಡೆಸಿ, ನೋಡುವವರನ್ನು ಅದಕ್ಕೆ ಹೆಸರು ಕೊಡುವಂತೆ ಕೇಳಿ, ಆ ಪಟ್ಟಿಯ ಪ್ರತಿಯನ್ನು ತಿಂಗಳಿಗೊಮ್ಮೆ ನಿಮ್ಮ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ.