ಒಂದೇ ಪಕ್ಷದ ಇಬ್ಬರು, ಒಂದೇ ಸೀಟು: ಪ್ರಮೀಳಾ ಜಯಪಾಲ್ ಅಮೆರಿಕದ ಕಾಂಗ್ರೆಸ್‌ಗೆ ಹೋದ ದಾರಿ

ಸಾಗರದ ಓದುಗರಿಗೆ ನಮಸ್ಕಾರ.

ನಮ್ಮ ಟಿಪ್ಪಣಿ ಓದಿ ನೀವು ಬರೆದ ಪತ್ರದಲ್ಲಿ ಒಂದು ಆಕ್ಷೇಪ, ಮೂರು ಪ್ರಶ್ನೆಗಳಿವೆ. 2016ರಲ್ಲಿ ಸಿಯಾಟಲ್‌ನಿಂದ ಅಮೆರಿಕದ ಸಂಸತ್ತಿಗೆ (ಅಲ್ಲಿ ಅದರ ಹೆಸರು ಕಾಂಗ್ರೆಸ್) ಆಯ್ಕೆಯಾದ ಪ್ರಮೀಳಾ ಜಯಪಾಲ್ ಅವರ ಎದುರಾಳಿಯೂ ಡೆಮಾಕ್ರಟಿಕ್ ಪಕ್ಷದವರೇ ಎಂದು ನಾವು ಬರೆದದ್ದು ಅಚ್ಚಿನ ದೋಷವಿರಬೇಕು ಎಂಬುದು ಆಕ್ಷೇಪ. ಚೆನ್ನೈನಲ್ಲಿ ಹುಟ್ಟಿದವರು, ಪಕ್ಷದ ಮೆಟ್ಟಿಲು ಹತ್ತಿ ಬಾರದವರು, ರಾಜ್ಯದ ಸೆನೆಟ್‌ಗೆ ಗೆದ್ದ ಎರಡೇ ವರ್ಷಕ್ಕೆ ರಾಷ್ಟ್ರದ ಶಾಸನಸಭೆಗೆ ಹೋದದ್ದು ಹೇಗೆ ಎಂದು ಕೇಳಿದ್ದೀರಿ. ನಮ್ಮ ಚಳವಳಿಯ ಕಾರ್ಯಕರ್ತರಿಗೆ ಅದೇಕೆ ಆಗುತ್ತಿಲ್ಲ ಎಂಬುದು ಎರಡನೆಯ ಪ್ರಶ್ನೆ. ರೆಡ್‌ಮಂಡ್‌ನಲ್ಲಿ ಎಚ್-1ಬಿ ವೀಸಾದ ಮೇಲಿರುವ ನಿಮ್ಮ ಮಗಳು ಇಂಥ ಪ್ರಚಾರಕ್ಕೆ ಹಣ ಕೊಡಬಹುದೇ, ಕೆಲಸ ಮಾಡಬಹುದೇ ಎಂಬುದು ಮೂರನೆಯದು.

ನಾವು ಬರೆದದ್ದು ಅಚ್ಚಿನ ದೋಷವಲ್ಲ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ (ರಾಜಧಾನಿ ವಾಷಿಂಗ್ಟನ್ ಡಿ.ಸಿ. ಬೇರೆ, ಪಶ್ಚಿಮ ಕರಾವಳಿಯ ಈ ರಾಜ್ಯವೇ ಬೇರೆ) ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸಿ ಕಳಿಸುವ ಪದ್ಧತಿಯೇ ಇಲ್ಲ. ಆಗಸ್ಟ್‌ನ ಪ್ರೈಮರಿಯಲ್ಲಿ, ಅಂದರೆ ನವೆಂಬರ್‌ನ ಅಂತಿಮ ಚುನಾವಣೆಗೆ ಮುಂಚಿನ ಸುತ್ತಿನಲ್ಲಿ, ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ಇರುತ್ತಾರೆ. ಅತಿ ಹೆಚ್ಚು ಮತ ಪಡೆದ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಆ ಇಬ್ಬರೂ ಒಂದೇ ಪಕ್ಷದವರಾದರೂ ಸರಿಯೇ. ಇದನ್ನು ರಾಜ್ಯದ ಮತದಾರರೇ 2004ರಲ್ಲಿ ಜನಮತದ ಮೂಲಕ ತಂದರು. ಪಕ್ಷಗಳು ಕೋರ್ಟಿಗೆ ಹೋದವು, 2008ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪದ್ಧತಿಯನ್ನು ಎತ್ತಿಹಿಡಿಯಿತು, ಅದೇ ವರ್ಷದಿಂದ ಜಾರಿಗೆ ಬಂತು. ಮತಪತ್ರದಲ್ಲಿ ಹೆಸರಿನ ಕೆಳಗೆ ಆ ಅಭ್ಯರ್ಥಿಗೆ ಯಾವ ಪಕ್ಷದ ಕಡೆ ಒಲವು ಎಂದಷ್ಟೇ ಇರುತ್ತದೆ. ಆ ಒಲವನ್ನು ಅಭ್ಯರ್ಥಿಯೇ ಬರೆದುಕೊಳ್ಳುವುದು, ಅದಕ್ಕೆ ಪಕ್ಷದ ಮೊಹರು ಬೇಕಿಲ್ಲ.

ನಿಲ್ಲುವುದಕ್ಕೆ ಬೇಕಾದದ್ದು ಇಷ್ಟು: ಮೇ ತಿಂಗಳ ಒಂದು ನಿಗದಿತ ವಾರದಲ್ಲಿ ಅರ್ಜಿ, ಜೊತೆಗೆ ಆ ಹುದ್ದೆಯ ವಾರ್ಷಿಕ ಸಂಬಳದ ಶೇ 1ರಷ್ಟು ಶುಲ್ಕ. ಕಾಂಗ್ರೆಸ್ ಸದಸ್ಯರ ಸಂಬಳ 1,74,000 ಡಾಲರ್, ಆದ್ದರಿಂದ ಶುಲ್ಕ 1,740 ಡಾಲರ್. ಅಷ್ಟು ಹಣವಿಲ್ಲದವರು ಡಾಲರಿಗೆ ಒಂದರಂತೆ ಮತದಾರರ ಸಹಿ ತಂದುಕೊಟ್ಟರೆ ಸಾಕು. ನಮ್ಮ ಠೇವಣಿಯಂತೆ ವಾಪಸ್ ಬರುವ ಹಣ ಅದಲ್ಲ. ಬಾಗಿಲು ಇಷ್ಟು ಅಗಲವಾಗಿರುವುದರಿಂದಲೇ ಒಂದು ಸೀಟಿಗೆ ಏಳೆಂಟು ಜನ ನಿಲ್ಲುವುದು ಅಲ್ಲಿ ಸಾಮಾನ್ಯ.

ಈಗ ಜಯಪಾಲ್ ಅವರ ವಿಷಯ. 16ನೇ ವಯಸ್ಸಿನಲ್ಲಿ ಓದಲು ಅಮೆರಿಕಕ್ಕೆ ಹೋದ ಅವರಿಗೆ ಪೌರತ್ವ ಸಿಕ್ಕಿದ್ದು 2000ದಲ್ಲಿ. ಕಾಂಗ್ರೆಸ್‌ನ ಕೆಳಮನೆಯ ಸದಸ್ಯರಾಗಲು ಅಲ್ಲಿನ ಸಂವಿಧಾನ ಕೇಳುವುದು 25 ವರ್ಷ ವಯಸ್ಸು, 7 ವರ್ಷದ ಪೌರತ್ವ, ಆಯ್ಕೆಯ ಹೊತ್ತಿಗೆ ಆ ರಾಜ್ಯದಲ್ಲಿ ವಾಸ. ಹುಟ್ಟಿನಿಂದಲೇ ಅಮೆರಿಕದ ಪೌರರಾಗಿರಬೇಕೆಂಬ ನಿಬಂಧನೆ ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಗಳಿಗೆ ಮಾತ್ರ. ಆದರೆ ‘ಎರಡೇ ವರ್ಷ’ ಎನ್ನುವ ನಿಮ್ಮ ಲೆಕ್ಕ 2014ರಿಂದ ಶುರುವಾಗುತ್ತದೆ. ಅದು 2001ರಿಂದ ಶುರುವಾಗಬೇಕು.

ಆ ವರ್ಷದ ಸೆಪ್ಟೆಂಬರ್ 11ರ ದಾಳಿಯ ನಂತರ ಮುಸ್ಲಿಮರು, ಅರಬರು, ದಕ್ಷಿಣ ಏಷ್ಯಾದವರ ಮೇಲೆ ದ್ವೇಷ ಹೆಚ್ಚಿದಾಗ ಅವರು ಸಿಯಾಟಲ್‌ನಲ್ಲಿ ‘ಹೇಟ್ ಫ್ರೀ ಜೋನ್’ ಕಟ್ಟಿದರು. 2008ರಲ್ಲಿ ಅದು ‘ಒನ್‌ಅಮೆರಿಕ’ ಆಯಿತು. ಸೊಮಾಲಿಯಾದವರ ಗಡೀಪಾರಿನ ವಿರುದ್ಧ ಆ ಸಂಸ್ಥೆ ಸರ್ಕಾರದ ಮೇಲೆ ದಾವೆ ಹೂಡಿ ಗೆದ್ದಿತು. ಹೊಸದಾಗಿ ಪೌರತ್ವ ಪಡೆದ 20 ಸಾವಿರಕ್ಕೂ ಹೆಚ್ಚು ಜನರನ್ನು ಮತದಾರರ ಪಟ್ಟಿಗೆ ಸೇರಿಸಿತು. 2012ರವರೆಗೆ ಅವರು ಅದರ ಮುಂದಾಳು. ಆಮೇಲೆ ಸಿಯಾಟಲ್‌ನಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಸೂತ್ರ ರೂಪಿಸಿದ ಮೇಯರ್ ಸಮಿತಿಯಲ್ಲಿ ಕಾರ್ಮಿಕ ಸಂಘಗಳ ಜೊತೆ, ಉದ್ಯಮಿಗಳ ಎದುರು ಕೂತು ಮಾತಾಡಿದರು. ಅಭ್ಯರ್ಥಿಯಾಗುವ ಹೊತ್ತಿಗೆ ಅವರಿಗೆ ಪರಿಚಯದ ಪತ್ರ ಬೇಕಿರಲಿಲ್ಲ. ಬಾಗಿಲು ಬಡಿಯುವ ಸ್ವಯಂಸೇವಕರೂ ಇದ್ದರು, ಬಾಗಿಲು ತೆರೆಯುವವರೂ ಇದ್ದರು.

2014ರಲ್ಲಿ ರಾಜ್ಯ ಸೆನೆಟ್‌ನ 37ನೇ ಕ್ಷೇತ್ರದ ಸದಸ್ಯ ಆಡಮ್ ಕ್ಲೈನ್ ನಿವೃತ್ತಿ ಘೋಷಿಸಿದರು. ಇದು ಸಿಯಾಟಲ್‌ನ ಆಗ್ನೇಯ ಭಾಗ. ರೈನಿಯರ್ ಕಣಿವೆ, ಕೊಲಂಬಿಯಾ ಸಿಟಿ ಇರುವ, ವಲಸಿಗರೂ ಕರಿಯರೂ ಏಷ್ಯನ್ನರೂ ತುಂಬಿರುವ ಕ್ಷೇತ್ರ. ಒನ್‌ಅಮೆರಿಕ ವರ್ಷಗಟ್ಟಲೆ ಓಡಾಡಿದ ಜಾಗವೇ. ಆರು ಜನರ ಪ್ರೈಮರಿಯಲ್ಲಿ ಜಯಪಾಲ್ ಶೇ 51 ದಾಟಿದರು, ನವೆಂಬರ್‌ನಲ್ಲಿ ಮತ್ತೊಬ್ಬ ಡೆಮಾಕ್ರಟ್ ಲೂಯಿಸ್ ವಾಟಾನಬೆ ಅವರನ್ನು ಸೋಲಿಸಿದರು. ಸೆನೆಟ್‌ನ ಹಿಡಿತ ಆಗ ರಿಪಬ್ಲಿಕನ್ನರ ಮೈತ್ರಿಕೂಟದ ಕೈಯಲ್ಲಿತ್ತು. ಅಲ್ಪಸಂಖ್ಯೆಯ ಕಡೆ ಕೂತ ಹೊಸಬರ ಮಸೂದೆ ಸಾಮಾನ್ಯವಾಗಿ ಸಮಿತಿಯಲ್ಲೇ ಸಾಯುತ್ತದೆ. ಅವರು ಆರಿಸಿಕೊಂಡದ್ದು ಹೆದ್ದಾರಿ ಕೆಲಸಗಳಿಗೆ ಮಹಿಳೆಯರನ್ನೂ ವರ್ಣೀಯರನ್ನೂ ತಯಾರು ಮಾಡುವ ತರಬೇತಿಯ ಮಸೂದೆ. ರಸ್ತೆ ಕೆಲಸಕ್ಕೆ ಜನ ಬೇಕು ಎಂಬುದು ಎರಡೂ ಕಡೆಯವರ ಅಗತ್ಯ. 2015ರಲ್ಲಿ ಅದು ಕಾಯ್ದೆಯಾಯಿತು. ಪ್ರಚಾರದ ಕರಪತ್ರದಲ್ಲಿ ‘ಹೋರಾಡಿದ್ದೇನೆ’ ಎಂಬುದರ ಪಕ್ಕದಲ್ಲಿ ‘ಮಾಡಿಸಿದ್ದೇನೆ’ ಎಂದು ಬರೆಯಲು ಒಂದು ಸಾಲು ಸಿಕ್ಕಿತು.

2016ರ ಜನವರಿಯಲ್ಲಿ, 1989ರಿಂದ ಕಾಂಗ್ರೆಸ್‌ನಲ್ಲಿದ್ದ ಜಿಮ್ ಮೆಕ್‌ಡರ್ಮಟ್ ಮತ್ತೆ ನಿಲ್ಲುವುದಿಲ್ಲ ಎಂದರು. ಸಿಯಾಟಲ್‌ನ ಬಹುಭಾಗವಿರುವ 7ನೇ ಕಾಂಗ್ರೆಸ್ ಕ್ಷೇತ್ರ ಖಾಲಿಯಾಯಿತು. ಹಾಲಿ ಸದಸ್ಯರನ್ನು ಕೆಡವುವುದಕ್ಕಿಂತ ಖಾಲಿ ಸೀಟಿಗೆ ನಿಲ್ಲುವುದು ಎಷ್ಟೋ ಪಾಲು ಸುಲಭ. ಜಯಪಾಲ್ ಎರಡು ಬಾರಿಯೂ ಗೆದ್ದದ್ದು ಖಾಲಿ ಸೀಟನ್ನೇ. ಅವರ 37ನೇ ಕ್ಷೇತ್ರದ ಬಹುಭಾಗ ಬರುತ್ತಿದ್ದದ್ದು ಪಕ್ಕದ 9ನೇ ಕಾಂಗ್ರೆಸ್ ಕ್ಷೇತ್ರಕ್ಕೆ. ಅಲ್ಲಿ 1997ರಿಂದ ಡೆಮಾಕ್ರಟ್ ಆಡಮ್ ಸ್ಮಿತ್ ಕೂತಿದ್ದರು. ಸಂವಿಧಾನಕ್ಕೆ ರಾಜ್ಯದಲ್ಲಿ ವಾಸವಿದ್ದರೆ ಸಾಕು, ಕ್ಷೇತ್ರದೊಳಗೇ ಮನೆ ಇರಬೇಕೆಂದಿಲ್ಲ. ಆದ್ದರಿಂದ 7ಕ್ಕೆ ನಿಂತರು. ಇನ್ನೊಂದು ಸೂಕ್ಷ್ಮವೂ ಇದೆ. ಸೆನೆಟ್ ಅವಧಿ ನಾಲ್ಕು ವರ್ಷ, 2016ರಲ್ಲಿ ಅವರದು ಅರ್ಧವಷ್ಟೇ ಮುಗಿದಿತ್ತು. ಸೋತರೂ ಸೀಟು ಉಳಿಯುತ್ತಿತ್ತು. ಎದುರಾಳಿ ಬ್ರೇಡಿ ವಾಕಿನ್‌ಶಾ ರಾಜ್ಯದ ಕೆಳಮನೆಯವರು, ಎರಡು ವರ್ಷದ ಅವಧಿ ಅದೇ ವರ್ಷ ಮುಗಿಯುತ್ತಿತ್ತು. ಅವರು ಇದ್ದ ಸೀಟನ್ನು ಬಿಟ್ಟು ನಿಲ್ಲಬೇಕಾಯಿತು.

ಆಗಸ್ಟ್ 2ರ ಪ್ರೈಮರಿಯಲ್ಲಿ ಜಯಪಾಲ್ ಶೇ 42, ವಾಕಿನ್‌ಶಾ ಶೇ 21. ಕಿಂಗ್ ಕೌಂಟಿ ಕೌನ್ಸಿಲ್‌ನ ಜೋ ಮೆಕ್‌ಡರ್ಮಟ್ ಸ್ವಲ್ಪದರಲ್ಲೇ ಮೂರನೆಯವರಾಗಿ ಹೊರಬಿದ್ದರು (ನಿವೃತ್ತರಾದ ಮೆಕ್‌ಡರ್ಮಟ್‌ಗೆ ಇವರು ಸಂಬಂಧಿಯಲ್ಲ). ನವೆಂಬರ್‌ನಲ್ಲಿ ಶೇ 56 – 44. ಇಬ್ಬರ ನಿಲುವುಗಳಲ್ಲಿ ದೊಡ್ಡ ಅಂತರವಿರಲಿಲ್ಲ. ಅಂಥಲ್ಲಿ ಗೆಲುವನ್ನು ನಿರ್ಧರಿಸುವುದು ಯಾರ ಜನ ಹೆಚ್ಚು ಮನೆಗಳಿಗೆ ಹೋದರು ಎಂಬುದು.

ಈ ಪದ್ಧತಿ ಪ್ರಗತಿಪರರಿಗೆ ಸದಾ ವರವೇನಲ್ಲ. ಅದೇ ಆಗಸ್ಟ್‌ನ ಅದೇ ಮತಪತ್ರದಲ್ಲಿ ರಾಜ್ಯ ಖಜಾಂಚಿ ಹುದ್ದೆಯೂ ಇತ್ತು. ಮೂವರು ಡೆಮಾಕ್ರಟರು ಮತ ಹಂಚಿಕೊಂಡರು, ಇಬ್ಬರು ರಿಪಬ್ಲಿಕನ್ನರು ಮೊದಲೆರಡು ಸ್ಥಾನಕ್ಕೆ ಬಂದರು. ಡೆಮಾಕ್ರಟರತ್ತ ವಾಲಿದ ರಾಜ್ಯದಲ್ಲಿ ನವೆಂಬರ್ ಹೊತ್ತಿಗೆ ಆ ಹುದ್ದೆಗೆ ಒಬ್ಬ ಡೆಮಾಕ್ರಟ್ ಅಭ್ಯರ್ಥಿಯೂ ಉಳಿದಿರಲಿಲ್ಲ.

ಮತದಾನದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಪ್ರಚಾರದ ಸ್ವರೂಪವೆಲ್ಲ ಅದರ ಮೇಲೆ ನಿಂತಿದೆ. ಮತಪತ್ರ 18 ದಿನ ಮುಂಚೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಗುರುತು ಹಾಕಿ, ಹಿಂದಿರುಗಿಸುವ ಲಕೋಟೆಯ ಮೇಲೆ ಸಹಿ ಮಾಡಿ, ಅಂಚೆಗೆ ಹಾಕಬೇಕು ಇಲ್ಲವೇ ಕೊನೆಯ ದಿನ ರಾತ್ರಿ 8ರೊಳಗೆ ಬೀದಿಯ ಡ್ರಾಪ್ ಬಾಕ್ಸ್‌ಗೆ ಹಾಕಬೇಕು. 2016ರಲ್ಲಿ ಅಂಚೆ ಚೀಟಿಯನ್ನು ಮತದಾರರೇ ಅಂಟಿಸಬೇಕಿತ್ತು. ಮತ ಕೆಡುವುದು ಹೆಚ್ಚಾಗಿ ಮೂರು ಕಡೆ: ಸಹಿ ಮರೆತುಹೋಗುವುದು, ಸಹಿ ಕಡತದಲ್ಲಿರುವುದಕ್ಕೆ ಹೊಂದದಿರುವುದು, ಅಂಚೆ ಮೊಹರು ಮರುದಿನದ್ದಾಗಿರುವುದು. ಮೊದಲೆರಡನ್ನು ಸರಿಪಡಿಸಲು ಚುನಾವಣಾ ಕಚೇರಿ ಪತ್ರ ಕಳಿಸಿ ಅವಕಾಶ ಕೊಡುತ್ತದೆ, ಮೂರನೆಯದಕ್ಕೆ ಪರಿಹಾರವಿಲ್ಲ. ಯಾರ ಲಕೋಟೆ ಬಂದಿದೆ ಎಂಬ ಪಟ್ಟಿ ದಿನವೂ ಪ್ರಚಾರ ತಂಡಗಳಿಗೆ ಸಿಗುತ್ತದೆ. ಯಾರಿಗೆ ಹಾಕಿದರು ಎಂಬುದಲ್ಲ, ಹಾಕಿದರೋ ಇಲ್ಲವೋ ಎಂಬುದು ಮಾತ್ರ. ಕಳಿಸಿದವರ ಹೆಸರು ಹೊಡೆದು, ಉಳಿದವರ ಮನೆಗೆ ಮತ್ತೆ ಹೋಗುವುದೇ ಕೊನೆಯ ಎರಡು ವಾರದ ಕೆಲಸ. ಯುವಕರು, ಬಾಡಿಗೆ ಮನೆಯವರು ಕೊನೆಯ ದಿನಗಳಲ್ಲಿ ಕಳಿಸುವುದು ಹೆಚ್ಚು. ಆದ್ದರಿಂದ ಮೊದಲ ರಾತ್ರಿಯ ಎಣಿಕೆಗಿಂತ ನಂತರದ ದಿನಗಳ ಎಣಿಕೆಯಲ್ಲಿ ಸಿಯಾಟಲ್‌ನ ಎಡಪಂಥೀಯ ಅಭ್ಯರ್ಥಿಗಳ ಪಾಲು ಏರುತ್ತದೆ. ಜಯಪಾಲ್ ಅವರಿಗೂ ಪ್ರೈಮರಿಯಲ್ಲಿ ಹಾಗೆಯೇ ಆಯಿತು.

ಹಣದ ಮಾತು. 2016ರಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಪ್ರೈಮರಿಗೆ 2,700, ನವೆಂಬರ್‌ಗೆ ಮತ್ತೆ 2,700 ಡಾಲರ್ ಕೊಡಬಹುದಿತ್ತು. ಏಪ್ರಿಲ್‌ನಲ್ಲಿ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದ ಬರ್ನಿ ಸ್ಯಾಂಡರ್ಸ್ ತಮ್ಮ ಬೆಂಬಲಿಗರಿಗೆ ಇ-ಮೇಲ್ ಕಳಿಸಿ ಕಾಂಗ್ರೆಸ್‌ಗೆ ನಿಂತ ಮೂವರು ಮಹಿಳೆಯರಿಗೆ ದೇಣಿಗೆ ಕೊಡಿ ಎಂದರು: ಜಯಪಾಲ್, ನೆವಾಡಾದ ಲೂಸಿ ಫ್ಲೋರೆಸ್, ನ್ಯೂಯಾರ್ಕ್‌ನ ಜೆಫಿರ್ ಟೀಚೌಟ್. ಸಣ್ಣ ಮೊತ್ತಗಳು ದೇಶದ ಮೂಲೆಮೂಲೆಯಿಂದ ಬಂದವು. ಫಲಿತಾಂಶ ನೋಡಿ. ಫ್ಲೋರೆಸ್ ಪ್ರೈಮರಿಯಲ್ಲೇ ಸೋತರು. ಟೀಚೌಟ್ ಪ್ರೈಮರಿ ಗೆದ್ದು, ಎರಡೂ ಪಕ್ಷಕ್ಕೆ ಒಲಿಯಬಲ್ಲ ಗ್ರಾಮೀಣ ಕ್ಷೇತ್ರದಲ್ಲಿ ರಿಪಬ್ಲಿಕನ್ ಎದುರು ಸೋತರು. ಮೂವರಿಗೂ ಸಿಕ್ಕಿದ್ದು ಅದೇ ಬೆಂಬಲ, ಗೆದ್ದವರು ಒಬ್ಬರೇ. ದೊಡ್ಡವರ ಒಂದು ಹೇಳಿಕೆಯಿಂದ ಗೆದ್ದರು ಎಂಬ ವಿವರಣೆಯನ್ನು ನಾನು ಒಪ್ಪದಿರುವುದು ಇದಕ್ಕೇ. 2024ರಲ್ಲಿ ಪ್ರಮೀಳಾ ಅವರ ಅಕ್ಕ ಸುಶೀಲಾ ಜಯಪಾಲ್ ಪಕ್ಕದ ಆರೆಗನ್‌ನಲ್ಲಿ ಕಾಂಗ್ರೆಸ್‌ಗೆ ನಿಂತು ಪ್ರೈಮರಿಯಲ್ಲಿ ಮ್ಯಾಕ್ಸೀನ್ ಡೆಕ್ಸ್‌ಟರ್ ಎದುರು ಸೋತರು. ಅಲ್ಲಿನದು ಪಕ್ಷದಲ್ಲಿ ನೋಂದಾಯಿಸಿದವರಷ್ಟೇ ಮತ ಹಾಕುವ ಮುಚ್ಚಿದ ಪ್ರೈಮರಿ.

ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅವರ ದಾರಿ ಇದಕ್ಕೆ ತೀರಾ ಬೇರೆ. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಪ್ರೈಮರಿಗೆ ಪ್ರಗತಿಪರ ಎಂದು ಹೇಳಿಕೊಂಡು, ಬಹುಮಟ್ಟಿಗೆ ಸ್ವಂತ ಹಣ ಸುರಿದು ಮೂರನೆಯವರಾದರು. ಆದರೂ ಡೆಟ್ರಾಯಿಟ್ ನಗರದಲ್ಲಿ ಹೆಚ್ಚು ಮತ ಬಿದ್ದದ್ದು ಅವರಿಗೇ. 2020ರಲ್ಲಿ ಆ ನಗರದಿಂದಲೇ ರಾಜ್ಯದ ಕೆಳಮನೆಗೆ, 2022ರಲ್ಲಿ ಕಾಂಗ್ರೆಸ್‌ಗೆ ಗೆದ್ದರು. 2022ರ ಪ್ರೈಮರಿಯಲ್ಲಿ ಅವರ ಪಾಲು ಸುಮಾರು ಶೇ 28. ಮಿಷಿಗನ್‌ನಲ್ಲಿ ಪಕ್ಷದ ಪ್ರೈಮರಿಯಲ್ಲಿ ಮುಂದಿದ್ದವರೇ ಅಭ್ಯರ್ಥಿ, ಮತ ಒಡೆದಷ್ಟೂ ಗೆಲ್ಲಲು ಬೇಕಾದ ಪಾಲು ಇಳಿಯುತ್ತದೆ. ವಾಷಿಂಗ್ಟನ್‌ನಲ್ಲಾದರೆ ಶೇ 28 ಪಡೆದವರು ನವೆಂಬರ್‌ನಲ್ಲಿ ಎರಡನೆಯವರನ್ನು ಮತ್ತೆ ಎದುರಿಸಬೇಕಿತ್ತು. ಸಹಿ ಸಂಗ್ರಹದಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೂ ಅದೇ ಕ್ಷೇತ್ರ ಉದಾಹರಣೆ: 2024ರಲ್ಲಿ ಥಾನೇದಾರ್ ಎದುರು ನಿಲ್ಲಬೇಕಿದ್ದ ಆಡಮ್ ಹಾಲಿಯರ್ ಅವರಿಗೆ ಬೇಕಿದ್ದದ್ದು 1,000 ಸಿಂಧು ಸಹಿ, ಪರಿಶೀಲನೆಯಲ್ಲಿ ಉಳಿದದ್ದು 863. ಹೆಸರು ಮತಪತ್ರದಿಂದ ಹೊರಬಿತ್ತು.

ನಿಮ್ಮ ಎರಡನೆಯ ಪ್ರಶ್ನೆ ನೋವಿನಿಂದ ಬಂದದ್ದು, ಅದು ನಮ್ಮದೂ ಹೌದು. ನಮ್ಮಲ್ಲಿ ನಾಮಪತ್ರ ಸಲ್ಲಿಸುವುದು ಕಷ್ಟವಲ್ಲ. ಠೇವಣಿ ವಿಧಾನಸಭೆಗೆ 10,000, ಲೋಕಸಭೆಗೆ 25,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ತಡೆ ಇರುವುದು ಬಿ ಫಾರಂನಲ್ಲಿ. ಅಮೆರಿಕದಲ್ಲಿ ಪಕ್ಷದೊಳಗಿನ ಸ್ಪರ್ಧೆಯನ್ನು ತೀರ್ಮಾನಿಸುವವರು ಮತದಾರರು, ಇಲ್ಲಿ ಹೈಕಮಾಂಡ್. ಹದಿಮೂರು ವರ್ಷ ಸಂಘಟನೆ ಕಟ್ಟಿದ ಕಾರ್ಯಕರ್ತೆಗೆ ಬಿ ಫಾರಂ ಸಿಗದಿದ್ದರೆ ಪಕ್ಷೇತರರಾಗಿ, ಹೊಸ ಚಿಹ್ನೆ ಹಿಡಿದು, ಎರಡು ವಾರದಲ್ಲಿ ಅದನ್ನು ಊರೂರಿಗೆ ತಲುಪಿಸಬೇಕು. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಎಂಬ ಮಿತಿ ಅಭ್ಯರ್ಥಿಯ ಖರ್ಚಿಗೆ ಇದೆ, ಪಕ್ಷದ ಖರ್ಚಿಗೆ ಮಿತಿ ಇಲ್ಲ. ಮೇಲುಕೋಟೆಯಲ್ಲಿ ದರ್ಶನ್ ಪುಟ್ಟಣ್ಣಯ್ಯ 2018ರಲ್ಲಿ ಸೋತು 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದದ್ದರ ಹಿಂದೆ ರೈತಸಂಘದ ದಶಕಗಳ ನೆಲೆಯಿತ್ತು. ನಮ್ಮ ಕಾಂಗ್ರೆಸ್ ಪಕ್ಷ ಅಭ್ಯರ್ಥಿ ಹಾಕದೆ ಬೆಂಬಲಿಸಿದ್ದೂ ಇತ್ತು. ಎರಡನೆಯದು ಸಿಗದ ಕಡೆ ಮೊದಲನೆಯದೊಂದೇ ಸಾಲುತ್ತಿಲ್ಲ. ಹಾಗಾಗಿ ನಮ್ಮ ಕಾರ್ಯಕರ್ತರಿಗೆ ನಾವು ಹೇಳಬಲ್ಲದ್ದು: ಗ್ರಾಮ ಪಂಚಾಯಿತಿಯಿಂದ ಶುರು ಮಾಡಿ. ಅದು ಪಕ್ಷದ ಚಿಹ್ನೆ ಇಲ್ಲದ ಚುನಾವಣೆ, ಬಿ ಫಾರಂ ಬೇಡದ ಜಾಗ. ಚುನಾವಣೆ ಇಲ್ಲದ ವರ್ಷಗಳಲ್ಲಿ ಮತದಾರರ ಪಟ್ಟಿಯ ಕೆಲಸ ಮಾಡಿ. ಬಿಟ್ಟುಹೋದ ಹೆಸರಿಗೆ ನಮೂನೆ 6, ತಿದ್ದುಪಡಿಗೆ ನಮೂನೆ 8. ಒಂದು ಬೂತಿನಲ್ಲಿ ಇದನ್ನು ಮನೆಮನೆಗೆ ಹೋಗಿ ಮಾಡಿಕೊಟ್ಟವರನ್ನು ಆ ಬೂತು ಮರೆಯುವುದಿಲ್ಲ.

ಕೊನೆಗೆ ನಿಮ್ಮ ಮಗಳ ವಿಷಯ. ಎಚ್-1ಬಿ ವೀಸಾದವರು ಅಮೆರಿಕದ ಯಾವ ಚುನಾವಣೆಗೂ, ನಗರಸಭೆಯದ್ದಿರಲಿ ಕಾಂಗ್ರೆಸ್‌ನದ್ದಿರಲಿ, ಒಂದು ಡಾಲರನ್ನೂ ಕೊಡುವಂತಿಲ್ಲ. ಪ್ರಚಾರದ ಟಿ-ಶರ್ಟ್ ಕೊಂಡರೆ ಅದೂ ದೇಣಿಗೆಯೇ. ನೀವು ಇಲ್ಲಿಂದ ಕಳಿಸಿದ ಹಣವನ್ನು ಇನ್ನೊಬ್ಬರ ಹೆಸರಿನಲ್ಲಿ ಕೊಡಿಸುವುದು ಎರಡು ಬಗೆಯಲ್ಲಿ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಸ್ವಂತ ಹಣ ಕೊಡಬಹುದು. ಸಂಬಳವಿಲ್ಲದೆ ಸ್ವಯಂಸೇವೆ ಮಾಡಲು ಈಗಲೂ ಅಡ್ಡಿಯಿಲ್ಲ: ಬಾಗಿಲು ಬಡಿಯುವುದು, ಫೋನ್ ಮಾಡುವುದು, ಕನ್ನಡ ಬಲ್ಲ ಮತದಾರರಿಗೆ ಲಕೋಟೆಯ ಸಹಿ ಎಲ್ಲಿ ಹಾಕಬೇಕೆಂದು ವಿವರಿಸುವುದು. ಪ್ರಚಾರದ ಹಣ, ನಿರ್ವಹಣೆಯ ತೀರ್ಮಾನಗಳಲ್ಲಿ ಮಾತ್ರ ಪಾಲ್ಗೊಳ್ಳಬಾರದು. ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರಾಗಿ ನೋಂದಾಯಿಸಬೇಕೇ ಎಂದು ಕೇಳುವುದುಂಟು. ಅದಕ್ಕೆ ‘ಬೇಡ’ ಎಂದೇ ಉತ್ತರಿಸಲು ಹೇಳಿ. ಪೌರತ್ವವಿಲ್ಲದೆ ಪಟ್ಟಿಗೆ ಸೇರಿ ಮತ ಹಾಕಿದರೆ ವೀಸಾ, ಮುಂದಿನ ಗ್ರೀನ್ ಕಾರ್ಡ್ ಎರಡಕ್ಕೂ ಕುತ್ತು ಬರುತ್ತದೆ, ಗಡೀಪಾರೂ ಆಗಬಹುದು.

– ಸಂಪಾದಕ