ದರಗು ಗುಡಿಸಿದ ಬೆಟ್ಟ ಮತ್ತು ಎರಡು ತಿಂಗಳ ಸುಳ್ಳು ಲೆಕ್ಕ: ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಪ್ರಕರಣ

ಈಕೆಯನ್ನು ಶಾರದಾ ಎಂದು ಕರೆಯುತ್ತೇನೆ. ಹೆಸರು, ಊರು, ಮನೆತನದ ಗುರುತುಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಆಕೆ ಓದಿ ಒಪ್ಪಿದ್ದಾಳೆ. ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ, ನಾಲ್ಕನೆಯ ವರ್ಷದ ವಿದ್ಯಾರ್ಥಿನಿ. ಶಿವಮೊಗ್ಗ ಜಿಲ್ಲೆಯ ಅಡಿಕೆ ತೋಟದ ಮನೆಯ ಹಿರಿಯ ಮಗಳು. ಮೇ ತಿಂಗಳಲ್ಲಿ ಆಪ್ತಸಲಹೆಗೆಂದು ನನ್ನ ಬಳಿಗೆ ಬಂದಾಗ ಹೇಳಿಕೊಂಡದ್ದು ಎರಡೇ ತೊಂದರೆ: ರಾತ್ರಿ ಎರಡು ಗಂಟೆಯಾದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ, ಮನೆಯಲ್ಲಿ ಮದುವೆಯ ಮಾತು ಜೋರಾಗಿದೆ. ಮದುವೆಯ ವಿಷಯ ಮೊದಲ ಭೇಟಿಯಲ್ಲಿಯೇ ಮುಗಿಯಿತು. ಒಂದು ವರ್ಷ ಕಾಯಲು ತಾಯಿ ಒಪ್ಪಿದ್ದರು. ಆದರೂ ನಿದ್ದೆ ಬರಲಿಲ್ಲ.

ಸಂಶೋಧನೆ ಮಾಡುವವರು ಬಂದಾಗ ಅವರ ಕೆಲಸವನ್ನು ನನಗೆ ಪಾಠ ಮಾಡಿದಂತೆ ವಿವರಿಸಲು ಕೇಳುವುದು ನನ್ನ ಪದ್ಧತಿ. 'ಓದಿನ ಒತ್ತಡ' ಎಂದು ಬರೆದುಕೊಂಡು ಮುಂದೆ ಹೋದರೆ ಒತ್ತಡ ಎಲ್ಲಿ ಕುಳಿತಿದೆ ಎಂಬುದು ತಿಳಿಯುವುದೇ ಇಲ್ಲ. ಎರಡನೆಯ ಭೇಟಿಯಲ್ಲಿ ಶಾರದಾ ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆಯುತ್ತಾ ಹೇಳಿದಳು.

ಆಕೆಯ ವಿಷಯ ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣಾಗುವ ಈ ಮರದ ಸಿಪ್ಪೆಯನ್ನು ಮಲೆನಾಡಿನವರು ಬೆಂಕಿಯ ಮೇಲೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ತೂಕ ಇಳಿಸುವುದೆಂದು ಮಾರುವ ಔಷಧಿಗೆ ಬೇಕಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಆ ಸಿಪ್ಪೆಯಲ್ಲಿದೆ. ಅದರಿಂದಾಗಿ 1990ರ ದಶಕದಲ್ಲಿ ಬೇಡಿಕೆ ಏರಿತು, ಕಾಡಿನಿಂದ ಕೊಯ್ಲೂ ಏರಿತು. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಸಸಿಯನ್ನು ನೋಡಿ ಯಾವುದು ಯಾವುದೆಂದು ಹೇಳಲಾಗದು. ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಯಬೇಕು. ಇಷ್ಟು ನಿಧಾನದ ಮರದ ಸಸಿಗಳು ದಟ್ಟವಾದ ಕಾನಿನಲ್ಲಿ ಎಷ್ಟು ಉಳಿಯುತ್ತವೆ, ತೋಟಕ್ಕೆ ಹೊಂದಿಕೊಂಡ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಎಷ್ಟು ಉಳಿಯುತ್ತವೆ ಎಂಬುದು ಆಕೆಯ ಪ್ರಶ್ನೆ. ಎರಡೂ ಕಡೆ ಇಪ್ಪತ್ತು ಮೀಟರ್ ಚೌಕದ ತಾಕುಗಳು, ಅವುಗಳೊಳಗೆ ಒಂದು ಮೀಟರ್ ಚೌಕದ ಚಿಕ್ಕ ತಾಕುಗಳು, ಪ್ರತಿ ಸಸಿಗೂ ನಂಬರಿನ ಅಲ್ಯೂಮಿನಿಯಂ ಬಿಲ್ಲೆ. ತಿಂಗಳಿಗೊಮ್ಮೆ ಹೋಗಿ ಬದುಕಿದವು, ಸತ್ತವು, ಎತ್ತರ, ಎಲೆಗಳ ಸಂಖ್ಯೆ ಎಲ್ಲವನ್ನೂ ಬರೆಯಬೇಕು. ಮಳೆಗಾಲದಲ್ಲಿ ಇಂಬಳ (ಜಿಗಣೆ), ಬೇಸಿಗೆಯಲ್ಲಿ ಉಣುಗು (ಉಣ್ಣೆ) ಎಂಬ ರಕ್ತ ಹೀರುವ ಹುಳುಗಳ ಕಾಟ. ಮೂರು ವರ್ಷ ತಪ್ಪದೆ ಹೋಗಿದ್ದಾಳೆ.

ಬೆಟ್ಟದ ತಾಕುಗಳಲ್ಲಿ ಮೂರು ಆಕೆಯ ಮನೆಯದೇ ಸೊಪ್ಪಿನ ಬೆಟ್ಟದಲ್ಲಿದ್ದವು. ಸ್ವಂತ ಬೆಟ್ಟದಲ್ಲಿ ಬೇಡ, ಮನೆಯವರ ಕೈ ಆಡಿದರೆ ಲೆಕ್ಕ ಕೆಡುತ್ತದೆ ಎಂದು ಮಾರ್ಗದರ್ಶಕರು ಆರಂಭದಲ್ಲಿಯೇ ಎಚ್ಚರಿಸಿದ್ದರು. "ಅಪ್ಪಯ್ಯನಿಗೆ ನಾನು ಹೇಳುತ್ತೇನೆ ಸರ್, ಯಾರೂ ಮುಟ್ಟುವುದಿಲ್ಲ" ಎಂದು ಶಾರದಾ ಮಾತು ಕೊಟ್ಟಿದ್ದಳು.

ಜನವರಿಯ ಕೊನೆಯಲ್ಲಿ ಹೋದಾಗ ಮೂರೂ ತಾಕುಗಳು ಬೋಳಾಗಿದ್ದವು. ಆ ವರ್ಷ ಎಲೆಚುಕ್ಕೆ ರೋಗದಿಂದ ತೋಟದ ಫಸಲು ಇಳಿದಿತ್ತು. ಮರಗಳ ಬುಡಕ್ಕೆ ಹೆಚ್ಚು ಗೊಬ್ಬರ ಕೊಡಬೇಕೆಂದು ಅಪ್ಪಯ್ಯ ಆಳುಗಳನ್ನು ಬಿಟ್ಟು ಬೆಟ್ಟದ ದರಗನ್ನೆಲ್ಲ, ಅಂದರೆ ಉದುರಿದ ಒಣ ಎಲೆಗಳನ್ನೆಲ್ಲ ಗುಡಿಸಿಸಿದ್ದರು. ಅಡಿಗಿಡಗಳನ್ನು ಕತ್ತಿಯಲ್ಲಿ ಸವರಿದ್ದರು. ಕೊಟ್ಟಿಗೆಯ ಗೊಬ್ಬರಕ್ಕೂ ತೋಟದ ಬುಡಕ್ಕೂ ಬೆಟ್ಟದ ಸೊಪ್ಪು, ದರಗು ತರುವುದು ಮಲೆನಾಡಿನಲ್ಲಿ ತಲೆಮಾರುಗಳಿಂದ ನಡೆದು ಬಂದ ಹಕ್ಕಿನ ರೂಢಿ; ಅವರು ಅನ್ಯಾಯವೇನನ್ನೂ ಮಾಡಿರಲಿಲ್ಲ. ಉದುರಿ ಬಿದ್ದ ಬಿಲ್ಲೆಗಳನ್ನು ಆಳುಗಳಿಂದ ಒಂದೊಂದಾಗಿ ಹೆಕ್ಕಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಮಗಳ ಕೈಗೆ ಕೊಡುತ್ತಾ "ಒಂದೂ ಕಳೆದಿಲ್ಲ, ಎಣಿಸಿ ನೋಡು" ಎಂದರಂತೆ.

ಆಕೆ ಎಣಿಸಿದಳು. ಏನೂ ಹೇಳಲಿಲ್ಲ. ಫೆಬ್ರವರಿ ಮತ್ತು ಮಾರ್ಚಿನಲ್ಲಿ ಆ ತಾಕುಗಳ ಹತ್ತಿರ ಹೋಗದೆ, ಹಿಂದಿನ ಸಂಖ್ಯೆಗಳಿಂದ ಸ್ವಲ್ಪ ಸ್ವಲ್ಪ ಕಳೆದು ಪುಸ್ತಕದಲ್ಲಿ ಬರೆದಳು. ಏಪ್ರಿಲಿನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ವರದಿ ಒಪ್ಪಿಸಿದಾಗ, ಬೆಟ್ಟದ ಸಸಿಗಳ ಉಳಿವಿನ ರೇಖೆ ಬಹಳ ಸ್ವಚ್ಛವಾಗಿದೆ ಎಂದು ಸಮಿತಿಯ ಹಿರಿಯರು ಮೆಚ್ಚಿದರು. ನಿದ್ದೆ ಕೆಟ್ಟದ್ದು ಅಂದು ರಾತ್ರಿಯಿಂದ.

ಇದನ್ನು ಹೇಳಿ ಮುಗಿಸಿದ ಮೇಲೆ ಆಕೆ ಬಹಳ ಹೊತ್ತು ಅತ್ತಳು. ಜೀವ ಬೇಡವೆನಿಸಿದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆಯಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೊರಗೆ ಬರಲು ದಾರಿಯಾಗುತ್ತದೆ. ಬೆಟ್ಟದಿಂದ ಕೆಳಗೆ ಇಳಿಯುವುದೇ ಬೇಡ ಎಂದು ಕೆಲವೊಮ್ಮೆ ಅನಿಸಿದ್ದುಂಟು, ಅದಕ್ಕೆ ಮೀರಿ ಏನೂ ಇಲ್ಲ ಎಂದಳು. ರಾತ್ರಿ ಮನಸ್ಸು ಹಾಗೆ ತಿರುಗಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕೆಂದು ನಂಬರನ್ನು ಆಕೆಯ ಮೊಬೈಲಿನಲ್ಲಿ ಉಳಿಸಿಕೊಟ್ಟೆ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಹಾಸ್ಟೆಲಿನ ಗೆಳತಿಯೊಬ್ಬಳಿಗೆ ವಿಷಯ ತಿಳಿಸಲು ಒಪ್ಪಿಸಿದೆ. ಮನೋವೈದ್ಯರನ್ನೂ ಒಮ್ಮೆ ಕಾಣಿಸಿದೆವು. ಕೆಲವು ವಾರ ಔಷಧಿ ತೆಗೆದುಕೊಂಡಳು.

ಈಗ ಸಲಹೆಯ ಮಾತು. ಆಕೆಯ ದುಃಖದಲ್ಲಿ ಎರಡು ಎಳೆಗಳು ಸಿಕ್ಕುಬಿದ್ದಿದ್ದವು. ಸಸಿಗಳು ಹೋದದ್ದು ಆಕೆಯ ತಪ್ಪಲ್ಲ. ಕಾಡಿನಲ್ಲಿ ತಾಕು ಹಾಕಿದವರಿಗೆ ಬೆಂಕಿ, ದನ, ಗಾಳಿ, ಕತ್ತಿ ಯಾವುದೂ ಹೊರತಲ್ಲ. ಸುಳ್ಳು ಲೆಕ್ಕ ಮಾತ್ರ ಆಕೆಯದೇ. "ಪರವಾಗಿಲ್ಲ, ಎಲ್ಲರೂ ಮಾಡುತ್ತಾರೆ" ಎಂದು ನಾನು ಹೇಳಿದ್ದರೆ ಆ ಕ್ಷಣಕ್ಕೆ ಹಗುರಾಗುತ್ತಿತ್ತು. ಅದು ನಿಜವಲ್ಲ, ಆಕೆಗೂ ಅದು ನಿಜವಲ್ಲವೆಂದು ಗೊತ್ತಿತ್ತು. ಆದ್ದರಿಂದ ಸ್ಪಷ್ಟವಾಗಿ ಹೇಳಿದೆ: "ನೀವು ಇಲ್ಲಿ ಹೇಳಿದ್ದನ್ನು ನಾನು ಯಾರಿಗೂ ತಿಳಿಸುವುದಿಲ್ಲ. ಆದರೆ ಈ ಸಂಖ್ಯೆಗಳನ್ನು ನೀವು ಸರಿಪಡಿಸದೆ ನಿದ್ದೆ ಮರಳಿ ಬರುತ್ತದೆ ಎಂದು ನನಗೆ ಅನಿಸುವುದಿಲ್ಲ."

ಪುಸ್ತಕದ ಹಾಳೆ ಹರಿಯಬಾರದು, ಬಿಳಿ ಬಣ್ಣ ಬಳಿಯಬಾರದು. ಸುಳ್ಳು ಸಂಖ್ಯೆಗಳ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಸ್ಥಳಕ್ಕೆ ಹೋಗದೆ ಬರೆದದ್ದು' ಎಂದು ಆ ದಿನದ ತಾರೀಖು ಹಾಕಿ ಸಹಿ ಮಾಡಬೇಕು. ಜನವರಿಯಲ್ಲಿ ಕಣ್ಣಾರೆ ಕಂಡದ್ದನ್ನು, ಅಂದರೆ ದರಗು ಗುಡಿಸಿದ್ದು, ಗಿಡ ಸವರಿದ್ದು, ಎಷ್ಟು ಬಿಲ್ಲೆ ಸಿಕ್ಕವು ಎಂಬುದನ್ನು ತಡವಾಗಿ ಬರೆದದ್ದೆಂದು ನಮೂದಿಸಿಯೇ ಬರೆಯಬೇಕು. ಆನಂತರ ಮಾರ್ಗದರ್ಶಕರನ್ನು ಒಬ್ಬರೇ ಇರುವಾಗ ಕಂಡು ಹೇಳಬೇಕು. ವಾಟ್ಸಾಪ್‌ನಲ್ಲಿ ಅಲ್ಲ, ಪ್ರಯೋಗಾಲಯದಲ್ಲಿ ಹತ್ತು ಜನರ ಮುಂದೆಯೂ ಅಲ್ಲ. ಹೇಳಬೇಕಾದ ನಾಲ್ಕು ವಾಕ್ಯಗಳನ್ನು ನನ್ನ ಕೊಠಡಿಯಲ್ಲಿಯೇ ಬರೆದು, ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದಳು. ಮೊದಲ ಬರಹದಲ್ಲಿ ಅಪ್ಪಯ್ಯನ ತಪ್ಪು, ತೋಟದ ರೋಗ, ಮದುವೆಯ ಮಾತು ಎಲ್ಲವೂ ಇದ್ದವು. ಅವನ್ನು ತೆಗೆಸಿದೆ. ಏನು ಮಾಡಿದೆ, ಯಾವ ತಿಂಗಳುಗಳಲ್ಲಿ, ಈಗ ಏನು ಸರಿಪಡಿಸಿದ್ದೇನೆ, ನೀವು ಹೇಳಿದಂತೆ ಮುಂದೆ ಮಾಡುತ್ತೇನೆ. ಇಷ್ಟು ಸಾಕಿತ್ತು.

ಈ ನಡುವೆ ಆಕೆಗೆ ಒಂದು ಉಪಾಯ ಹೊಳೆಯಿತು. ದರಗು ಗುಡಿಸಿದ ತಾಕು, ಗುಡಿಸದ ತಾಕು ಎಂದು ಹೋಲಿಸಿ ಹೊಸದೊಂದು ಅಧ್ಯಾಯ ಬರೆದರೆ ನಷ್ಟವೇ ಲಾಭವಾಗುವುದಲ್ಲವೇ ಎಂದು ಕಣ್ಣರಳಿಸಿ ಕೇಳಿದಳು. ಆ ಉತ್ಸಾಹವನ್ನು ತಡೆಯಲು ನನಗೆ ಮನಸ್ಸಿರಲಿಲ್ಲ, ಆದರೂ ತಡೆದೆ. ಯೋಜಿಸದೆ ನಡೆದುಹೋದ ಮೂರು ತಾಕುಗಳನ್ನು ಪ್ರಯೋಗವೆಂದು ಕರೆಯಬಹುದೇ ಎಂಬುದನ್ನು ಬಲ್ಲವರು ತೀರ್ಮಾನಿಸಲಿ. ನನಗೆ ಕಂಡದ್ದು, ತಪ್ಪು ಒಪ್ಪಿಕೊಳ್ಳುವ ಮೊದಲೇ ಅದಕ್ಕೊಂದು ಅಲಂಕಾರ ಹುಡುಕುವ ಆತುರ. ಮೊದಲು ಒಪ್ಪಿಕೊಳ್ಳಿ, ಆ ಚರ್ಚೆ ಆಮೇಲೆ ಅವರೊಂದಿಗೆ ನಡೆಯಲಿ ಎಂದೆ.

ಮಾರ್ಗದರ್ಶಕರು ಸಿಟ್ಟಾದರು. ಒಂದು ವಾರ ಮಾತನಾಡಲಿಲ್ಲ. ಆಮೇಲೆ ಕರೆದು, ಸಮಿತಿಗೆ ಲಿಖಿತವಾಗಿ ತಿಳಿಸಬೇಕು, ಏಪ್ರಿಲಿನ ವರದಿಯನ್ನು ಹಿಂದೆಗೆದುಕೊಳ್ಳಬೇಕು ಎಂದರು. ಹಾಗೆಯೇ ಆಯಿತು. ಆ ಮೂರು ತಾಕುಗಳು ಜನವರಿಯವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ಇನ್ನೊಂದು ವರ್ಷದ ಮಾಹಿತಿ ಬೇಕಾದ್ದರಿಂದ ಪ್ರಬಂಧ ಒಪ್ಪಿಸುವುದು ಮುಂದಕ್ಕೆ ಹೋಗಿದೆ. ಇಲ್ಲಿ ನಿಯಮಗಳನ್ನು ಸರಿಯಾಗಿ ತಿಳಿದುಕೊಳ್ಳುವುದು ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ಕಂಡೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಎರಡು ವರ್ಷ, ಮಹಿಳೆಯರಿಗೆ ಮತ್ತೆರಡು ವರ್ಷ ಸಿಗಬಹುದು. ನಾಲ್ಕನೆಯ ವರ್ಷದಲ್ಲಿರುವ ಶಾರದಾ ಎಲ್ಲವೂ ಮುಗಿಯಿತೆಂದು ನಂಬಿಕೊಂಡಿದ್ದಳು. ಫೆಲೋಶಿಪ್ ಮಾತ್ರ ಐದು ವರ್ಷಕ್ಕೆ ನಿಲ್ಲುತ್ತದೆ, ಅದರ ಚಿಂತೆ ನಿಜವಾದದ್ದೇ. ಕೊನೆಯ ತಿಂಗಳುಗಳ ಖರ್ಚಿನ ಪಟ್ಟಿಯನ್ನು ಕೂತು ಬರೆದೆವು.

ತಾಯಿಯ ಒಂದು ಮಾತನ್ನು ನಾನು ಗಟ್ಟಿಯಾಗಿ ಬೆಂಬಲಿಸಿದೆ. ಬೇಸಿಗೆಯಲ್ಲಿ ಮಗಳು ಒಬ್ಬಳೇ ಕಾಡಿಗೆ ಹೋಗುವುದು ಅವರಿಗೆ ಹೆದರಿಕೆ. ಉಣುಗಿನ ಕಡಿತದಿಂದ ಬರುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ದರಗಿನ ನಡುವೆ ಕೂತು ಸಸಿ ಎಣಿಸುವವರಿಗೆ ಉಣುಗು ಹತ್ತುವುದು ಸುಲಭ. ಇನ್ನು ಮುಂದೆ ಜೊತೆಗೊಬ್ಬರಿಲ್ಲದೆ ಹೋಗುವುದಿಲ್ಲ, ಮೈತುಂಬ ಬಟ್ಟೆ ತೊಟ್ಟು ಉಣುಗು ಹತ್ತದಂತೆ ತೈಲ ಹಚ್ಚಿಕೊಳ್ಳುತ್ತೇನೆ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯುತ್ತೇನೆ ಎಂದು ಒಪ್ಪಿದ್ದಾಳೆ. ಜೊತೆಗಿನವರಿಗೆ ಇನ್ನೊಂದು ಕೆಲಸವನ್ನೂ ಹೊರಿಸಿದೆವು: ಪ್ರತಿ ಭೇಟಿಯ ಪುಟಕ್ಕೆ ಅವರದೂ ಸಹಿ.

ಈಗ ನಿದ್ದೆ ಬರುತ್ತಿದೆ. ಅಪ್ಪಯ್ಯನಿಗೆ ಎಲ್ಲವನ್ನೂ ಹೇಳಬೇಕೇ ಎಂಬುದು ಉಳಿದಿದೆ. ಬಿಲ್ಲೆ ಹೆಕ್ಕಿಟ್ಟ ಮನುಷ್ಯನಿಗೆ ತನ್ನಿಂದಲೇ ಮಗಳ ಲೆಕ್ಕ ಕೆಟ್ಟಿತೆಂದು ತಿಳಿದರೆ ತಡೆದುಕೊಳ್ಳುವರೇ ಎಂಬುದು ಆಕೆಯ ಭಯ. ಸುಳ್ಳು ಸಂಖ್ಯೆಯ ಮಾತು ಅವರಿಗೆ ಹೇಳಲೇಬೇಕೆಂದಿಲ್ಲ, ಆದರೆ ಉಳಿದ ತಾಕುಗಳ ಸುತ್ತ ಹಗ್ಗ ಕಟ್ಟಿಸಿ, ಆಳುಗಳಿಗೆ ಆ ಗಡಿಯನ್ನು ತೋರಿಸಲು ಅವರನ್ನೇ ಕೇಳಿಕೊಳ್ಳಿ ಎಂದಿದ್ದೇನೆ. ದೀಪಾವಳಿಗೆ ಊರಿಗೆ ಹೋದಾಗ ಮಾತನಾಡುತ್ತೇನೆ ಎಂದಿದ್ದಾಳೆ.